ಎರವಲು ಹೋದ ಕೈ

ನೌಕಾಪಡೆಯ ಹಡಗಿನ ಕ್ಯಾಮೆರಾದಲ್ಲಿ ಸಿಕ್ಕಿದ್ದ ಆ ವಿಡಿಯೊ ತುಣುಕನ್ನು ಮತ್ತೊಮ್ಮೆ ಓಡಿಸಿದಾಗ ದಾನೇಶ್ವರಿಗೆ ಸಂಶಯ ಉಳಿಯಲಿಲ್ಲ. ಮೋಡದ ಮರೆಯಿಂದ ಇಳಿದ ವಿಮಾನ ಸಣ್ಣದು, ಒಳಗೆ ಮನುಷ್ಯರಿಲ್ಲದ್ದು. ಹಡಗಿನ ಕಡೆಯಿಂದ ಗುಂಡು ಹಾರಿದೊಡನೆ ಅದು ಎಡಕ್ಕೆ ವಾಲಿತು. ಅರ್ಧಕ್ಕೇ ಮನಸ್ಸು ಬದಲಿಸಿದ ಹಾಗೆ ಬಲಕ್ಕೆ ಉರುಳಿತು. ನೀರಿಗೆ ಹೊಟ್ಟೆ ತಾಗುವಷ್ಟು ತಗ್ಗಿ ಬಂದು ಹಡಗಿನ ನಡುವಿಗೆ ಹೊಡೆದು ಹೋಯಿತು. ಆಮೇಲೆ ಪರದೆಯ ತುಂಬ ಹೊಗೆ.

ಕೋಣೆಯಲ್ಲಿದ್ದ ನೌಕಾಪಡೆಯ ಅಧಿಕಾರಿಗಳು ಯಾವ ದೇಶದ ತಂತ್ರಜ್ಞಾನ ಇದು, ಯಾರು ಮಾರಿರಬಹುದು ಎಂದು ಚರ್ಚೆಗೆ ಇಳಿದಿದ್ದರು. ದಾನೇಶ್ವರಿ ಕುರ್ಚಿಯ ಹಿಡಿಕೆಯನ್ನು ಬಿಗಿಯಾಗಿ ಹಿಡಿದು ಕೂತಿದ್ದಳು.

"ಏನನಸ್ತದ ದಾನೇಶ್ವರಿ?" ಎಂದು ಕೇಂದ್ರದ ನಿರ್ದೇಶಕ ಡಾ. ಅನ್ವರ್ ಮುಲ್ಲಾ ಕೇಳಿದರು.

"ಇದು ನಮ್ಮ ಚೆನ್ನ್ಯಾನ ಕೈ ರೀ, ಸರ್."

ಮುಲ್ಲಾ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರಿಗೂ ಅದು ಗೊತ್ತಾಗಿತ್ತು. ಆದರೆ ಆ ಮಾತನ್ನು ಅವಳ ಬಾಯಿಂದಲೇ ಕೇಳಬೇಕು ಎಂದು ಕಾದಿದ್ದರು.

ಧಾರವಾಡದ ಹೊರವಲಯದಲ್ಲಿದ್ದ, ದಾನೇಶ್ವರಿ ಎಂಜಿನಿಯರ್ ಆಗಿದ್ದ ಆ ಕೇಂದ್ರದಲ್ಲಿ ನಡೆಯುತ್ತಿದ್ದ ಕೆಲಸ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕಷ್ಟ. ಒಳ್ಳೆಯ ಪೈಲಟ್‌ಗಳ ಮುಂಗೈಗೆ ತೆಳುವಾದ ಪಟ್ಟಿಯೊಂದನ್ನು ಕಟ್ಟುತ್ತಿದ್ದರು. ಅವರು ಹಾರಾಟ ನಡೆಸುವಾಗ ಯಾವ ನರ ಯಾವಾಗ ಬಿಗಿಯಿತು, ಯಾವ ಬೆರಳು ಎಷ್ಟು ಅಳುಕಿತು ಎಂಬುದನ್ನೆಲ್ಲ ಆ ಪಟ್ಟಿ ವರ್ಷಾನುಗಟ್ಟಲೆ ಬರೆದುಕೊಳ್ಳುತ್ತಿತ್ತು. ಹಾಗೆ ಕೂಡಿಟ್ಟದ್ದನ್ನು ಪೈಲಟ್ ಇಲ್ಲದ ವಿಮಾನಕ್ಕೆ ತುಂಬಿದರೆ ವಿಮಾನ ಅದೇ ಮನುಷ್ಯ ಹಾರಿಸಿದ ಹಾಗೆ ಹಾರುತ್ತಿತ್ತು. ಅದಕ್ಕೆ ನೆಲದಿಂದ ಯಾರೂ ಆಜ್ಞೆ ಕೊಡಬೇಕಾಗಿರಲಿಲ್ಲ, ಆದ್ದರಿಂದ ಶತ್ರು ಆಜ್ಞೆಯ ಅಲೆಗಳನ್ನು ತಡೆಯುವ ಮಾತೂ ಇರಲಿಲ್ಲ. ಇದರಲ್ಲಿ ಮನುಷ್ಯನ ಮನಸ್ಸಾಗಲಿ ನೆನಪಾಗಲಿ ಇರುವುದಿಲ್ಲ, ಬರೀ ಕೈ ಇರುತ್ತದೆ ಎಂದು ಮುಲ್ಲಾ ಅವರು ನೋಡಲು ಬಂದವರಿಗೆಲ್ಲ ಹೇಳುತ್ತಿದ್ದರು. ಕೇಂದ್ರದಲ್ಲಿ ಅದನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು, 'ಕೈ' ಎಂದು.

ಅಲ್ಲಿ ಕೂಡಿಟ್ಟ ಕೈಗಳಲ್ಲೆಲ್ಲ ಚೆನ್ನವೀರನದು ಮೇಲು. ದಾನೇಶ್ವರಿಯ ಬೆನ್ನಿಗೆ ಹುಟ್ಟಿದ ತಮ್ಮ ಅವನು.

ಆ ಕೈ ಸಮುದ್ರ ದಾಟಿ ಮೆರಾವಾಕ್ಕೆ ಹೋದದ್ದು ಹೇಗೆ ಎನ್ನುವುದಕ್ಕೆ ಮೆರಾವಾದ ಕಥೆಯನ್ನೂ ಸ್ವಲ್ಪ ಹೇಳಬೇಕು. ಹಿಂದೂ ಮಹಾಸಾಗರದ ನಡುವೆ ಇರುವ ಆ ದ್ವೀಪದೇಶ ದೊಡ್ಡದೇನಲ್ಲ. ಆದರೆ ಪೂರ್ವದಿಂದ ಪಶ್ಚಿಮಕ್ಕೆ ಹೋಗುವ ಹಡಗುಗಳೆಲ್ಲ ಅದರ ಮಗ್ಗುಲಿಗೇ ಹಾಯಬೇಕು. ಹೀಗಾಗಿ ಅದನ್ನು ನೆಮ್ಮದಿಯಿಂದ ಇರಲು ಯಾರೂ ಬಿಡಲಿಲ್ಲ. ಪರದೇಶದವರು ಬಿಟ್ಟುಹೋದ ಮೇಲೆ ಒಬ್ಬ ರಾಜ ಬಂದ. ರಾಜ ತನ್ನ ರಕ್ಷಣೆಗೆಂದು ಬಂದರನ್ನು ಉತ್ತರದ ಕೂಟ ಎಂಬ ದೇಶಗಳ ಗುಂಪಿನ ಸೈನ್ಯಕ್ಕೆ ಬಿಟ್ಟುಕೊಟ್ಟ. ಜನ ಬೀದಿಗಿಳಿದು ರಾಜನನ್ನು ಓಡಿಸಿ ಪಾರ್ಲಿಮೆಂಟ್ ಕಟ್ಟಿಕೊಂಡರು. ಪಾರ್ಲಿಮೆಂಟಿನವರು ಉತ್ತರದ ಕೂಟವನ್ನು ಕಳಿಸಿ ನಮ್ಮ ದೇಶದ ಜೊತೆ ಒಪ್ಪಂದ ಮಾಡಿಕೊಂಡರು. ನಿಮ್ಮ ಮೇಲೆ ಬಿದ್ದವರು ನಮ್ಮ ಮೇಲೂ ಬಿದ್ದ ಹಾಗೆ ಎಂದು ಎರಡೂ ಕಡೆಯವರು ಕೈಕೈ ಹಿಡಿದು ಫೋಟೊ ತೆಗೆಸಿಕೊಂಡರು.

ಆ ಒಪ್ಪಂದದ ಹೊಸತರಲ್ಲೇ ಮೆರಾವಾದ ತರುಣ ಪೈಲಟ್‌ಗಳು ತರಬೇತಿಗೆಂದು ಧಾರವಾಡಕ್ಕೆ ಬಂದಿದ್ದರು. ಅವರಲ್ಲಿ ಸೆಲೂ ಮಾರ್ವಾ ಎಂಬುವವನು ಚೆನ್ನವೀರನ ಜೊತೆ ಒಂದು ಭಾನುವಾರ ಮನೆಗೆ ಬಂದವನು ಆಮೇಲೆ ಯಾವ ಭಾನುವಾರವನ್ನೂ ಬಿಡಲಿಲ್ಲ. ತಾಯಿ ನೀಲವ್ವ ಬಡಿಯುವ ರೊಟ್ಟಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಒಂದೊಂದೇ ಮಾತು ಕಲಿತು, "ಅವ್ವಾರ, ಇನ್ನೊಂದ್ ಹಾಕ್ರಿ" ಎನ್ನುವಷ್ಟಾಗಿದ್ದ. ಶೇಂಗಾ ಚಟ್ನಿಯ ಖಾರಕ್ಕೆ ಕಣ್ಣಲ್ಲಿ ನೀರು ಸುರಿಸಿಕೊಂಡೇ ತಿನ್ನುತ್ತಿದ್ದ. "ನನಗ ಇಬ್ಬರು ಗಂಡುಮಕ್ಕಳಾದ್ರು ನೋಡ" ಎಂದು ನೀಲವ್ವ ಓಣಿಯವರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಮುಂದಿನ ವರ್ಷ ಉತ್ತರದ ಕೂಟ ಮೆರಾವಾದ ಮೇಲೆ ಬಿತ್ತು. ಒಪ್ಪಂದದಂತೆ ನಮ್ಮವರು ಹೋದರು. ಚೆನ್ನವೀರನೂ ಹೋದ. ಸೆಲೂನ ಊರಿನ ಬಂದರಿನ ಮೇಲೆ ಬಾಂಬು ಬೀಳದ ಹಾಗೆ ತಡೆಯುತ್ತಿದ್ದಾಗ ಚೆನ್ನವೀರನ ವಿಮಾನ ಸಮುದ್ರಕ್ಕೆ ಬಿತ್ತು. ದೇಹ ಸಿಗಲಿಲ್ಲ. ಮೆರಾವಾದವರು ಬಂದರಿನ ರಸ್ತೆಗೆ ಅವನ ಹೆಸರಿಟ್ಟರು. ಯುದ್ಧ ನಿಂತ ಮೇಲೆ ಅಲ್ಲಿಂದ ಒಂದು ಕೋರಿಕೆ ಬಂತು. ಚೆನ್ನವೀರನ ಕೈಯನ್ನು ನಮ್ಮ ಕಾವಲು ವಿಮಾನಗಳಿಗೆ ಕೊಡಿ, ಅವನು ಕಾದ ಬಂದರನ್ನು ಮುಂದೆಯೂ ಅವನೇ ಕಾಯಲಿ ಎಂದು. ಮನೆಯವರು ಒಪ್ಪದೆ ಯಾವ ಕೈಯನ್ನೂ ಹೊರಗೆ ಕೊಡುವಂತಿರಲಿಲ್ಲ. ಮುಲ್ಲಾ ಅವರೇ ಮನೆಗೆ ಬಂದು ಕೇಳಿದ್ದರು. ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ಮಗ ಅಂತೂ ಬರೂದಿಲ್ಲ. ಅವನ ಕೈಯರ ಎಲ್ಲ್ಯರ ದುಡೀಲಿ" ಎಂದಿದ್ದಳು.

ಈಗ ಆರು ವರ್ಷದ ಮೇಲೆ ಮೆರಾವಾದಲ್ಲಿ ಕರ್ನಲ್‌ಗಳು ಎದ್ದು ಪಾರ್ಲಿಮೆಂಟಿಗೆ ಬೀಗ ಹಾಕಿದ್ದರು. ಉತ್ತರದ ಕೂಟವನ್ನೇ ಮತ್ತೆ ಬಂದರಿಗೆ ಕರೆಸಿಕೊಂಡಿದ್ದರು. ಹಳೆಯ ಒಪ್ಪಂದ ಮುರಿದುಬಿತ್ತು. ವಿಮಾನಗಳು ಮಾತ್ರ ಅಲ್ಲೇ ಉಳಿದವು, ಅವುಗಳೊಳಗೆ ಚೆನ್ನವೀರನ ಕೈಯೂ ಉಳಿಯಿತು.

"ಅಂಥಾವು ಅವರ ಹತ್ರ ನಲವತ್ತರ ಮ್ಯಾಲ ಅದಾವ" ಎಂದರು ಮುಲ್ಲಾ, ಉಳಿದವರೆಲ್ಲ ಎದ್ದು ಹೋದ ಮೇಲೆ. "ನಮ್ಮ ಇನ್ನೂ ಎರಡು ಹಡಗ ಆ ದಾರೀಲೆ ಹೊಂಟಾವ. ಈ ಕೈಯಿಂದ ತಪ್ಪಿಸಿಕೊಳ್ಳೂದು ಹೆಂಗ ಅನ್ನೂದನ್ನ ಹುಡುಕಬೇಕು. ಬ್ಯಾರೇ ಯಾರಿಗರ ಹೇಳ್ಲೇನವಾ?"

"ಬ್ಯಾರೇದವರಿಗೆ ತಿಳಿಯೂದಿಲ್ಲರಿ ಸರ್" ಎಂದಳು ದಾನೇಶ್ವರಿ.

ಮನೆಗೆ ಬಂದಾಗ ನೀಲವ್ವ ಟಿವಿಯ ಸದ್ದು ಕೇಳಿಸಿಕೊಳ್ಳುತ್ತ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಸತ್ತ ನಾವಿಕರ ಹೆಸರುಗಳನ್ನು ಓದುತ್ತಿದ್ದರು. ಕುಮಟಾದ ಕಡೆಯ ಹುಡುಗನೊಬ್ಬ, ರಾಯಚೂರಿನವನೊಬ್ಬ, ಆಮೇಲೆ ಬೇರೆ ರಾಜ್ಯಗಳವರು.

"ಯಾರ ಹೊಟ್ಟೀಲೆ ಹುಟ್ಟಿದ ಮಕ್ಕಳೋ ಏನೋ" ಎಂದಳು ನೀಲವ್ವ. "ಹೊಡದವರು ಯಾರಂತ?"

"ಮೆರಾವಾದವರಂತವ್ವ."

ಕೈ ಬಡಿತ ನಿಂತಿತು. ಹಂಚಿನ ಮೇಲಿನ ರೊಟ್ಟಿ ಒಂದು ಮಗ್ಗುಲಿಗೆ ಕರ್ರಗಾಯಿತು, ಅದನ್ನು ತಿರುವಿ ಹಾಕುವವರಿರಲಿಲ್ಲ.

"ಸೆಲೂನ ಊರವರೇನ? ಅವರಿಗೆ ಅಲ್ಲೇನ ನಾವು ಚೆನ್ನ್ಯಾನ ಕೈ ಕೊಟ್ಟಿದ್ದು?"

ದಾನೇಶ್ವರಿ ಒಲೆ ಆರಿಸಿದಳು. ನೀಲವ್ವನಿಗೆ ಅಷ್ಟೇ ಸಾಕಾಯಿತು. ಹಿಟ್ಟು ಮೆತ್ತಿದ ಕೈಯಲ್ಲೇ ಗೋಡೆಗೆ ಆತುಕೊಂಡು ಕುಕ್ಕರಿಸಿದಳು. "ನಾನ ಹೂಂ ಅಂದೆ. ಮುಲ್ಲಾ ಸರ್ ಕೇಳಿದಾಗ ನಾನ ಹೂಂ ಅಂದೆ" ಎಂದಳು.

"ಅವತ್ತು ಅವರು ನಮ್ಮವರಾಗಿದ್ರವ್ವ."

"ಅವತ್ತು ನಮ್ಮವರು, ಇವತ್ತು ಪರರು. ಇದನ್ನೆಲ್ಲ ಯಾರು ಕುಂತು ನಿಕ್ಕಿ ಮಾಡ್ತಾರ? ನನ್ನ ಮಗನ್ನ ಕೇಳಿ ಮಾಡಿದ್ರೇನು?" ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಮಗಳ ಕಡೆ ನೋಡಿದಳು. "ನಿಲ್ಸು ಅದನ್ನ. ನೀ ಕಲತದ್ದು ಮತ್ಯಾತಕ್ಕ?"

ದಾನೇಶ್ವರಿ ಕೇಂದ್ರದಲ್ಲಿ ತಮ್ಮನ ಹಳೆಯ ಹಾರಾಟಗಳನ್ನೆಲ್ಲ ತೆಗೆದು ಕೂತಳು. ಪರದೆಯ ಮೇಲೆ ಅವನ ಒಂದೊಂದು ಬೆರಳಿಗೂ ಒಂದೊಂದು ಗೆರೆ. ಬಿಗಿದಾಗ ಏರುತ್ತಿತ್ತು, ಸಡಿಲಿಸಿದಾಗ ಇಳಿಯುತ್ತಿತ್ತು. ಅಣಕು ಕಾದಾಟಗಳಲ್ಲಿ ಅವನು ಎದುರಾಳಿಯ ಬೆನ್ನು ಬಿದ್ದನೆಂದರೆ ಗೆರೆಗಳು ಬೆಟ್ಟದ ಸಾಲಿನ ಹಾಗೆ ಏರಿ ನಿಲ್ಲುತ್ತಿದ್ದವು. ಆದರೆ ಅಲ್ಲಲ್ಲಿ, ಗೆಲುವು ಇನ್ನೇನು ಕೈಗೆ ಬಂತು ಎನ್ನುವಾಗ, ಐದೂ ಗೆರೆಗಳು ಒಟ್ಟಿಗೇ ಕುಸಿದು ಒಂದೆರಡು ಕ್ಷಣ ನೆಲಕ್ಕೆ ಮಲಗಿಬಿಡುತ್ತಿದ್ದವು. ಎಲ್ಲ ಹಾರಾಟಗಳಲ್ಲಿ ಹೀಗಾಗಿರಲಿಲ್ಲ. ಯಾಕೆ ಹಾಗೆ ಎಂದು ಕೇಂದ್ರದಲ್ಲಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಪಟ್ಟಿ ಸರಿಯಾಗಿ ಕೂತಿರಲಿಕ್ಕಿಲ್ಲ ಎಂದು ಬಿಟ್ಟಿದ್ದರು.

ಆ ಹಾರಾಟಗಳನ್ನಷ್ಟೇ ಬೇರ್ಪಡಿಸಿ ಎದುರಾಳಿಯ ವಿಮಾನ ಆಗ ಏನು ಮಾಡುತ್ತಿತ್ತು ಎಂದು ನೋಡಿದಳು. ಒಂದರಲ್ಲಿ ಎದುರಾಳಿಯ ಎಂಜಿನ್ ನಿಜವಾಗಿಯೇ ಕೆಟ್ಟಿತ್ತು. ಇನ್ನೊಂದರಲ್ಲಿ ಹೊಸ ಹುಡುಗನೊಬ್ಬ ಹಿಡಿತ ತಪ್ಪಿ ಓಲಾಡಿದ್ದ. ಮತ್ತೊಂದರಲ್ಲಿ ರೆಕ್ಕೆಗೆ ಹಕ್ಕಿ ಬಡಿದಿತ್ತು. ಎದುರಿನವನು ಕುಂಟಿದಾಗಲೆಲ್ಲ ಚೆನ್ನವೀರನ ಕೈ ಸಡಿಲಾಗಿತ್ತು.

ಇದು ಅವನ ಸ್ವಭಾವವೋ, ಆಯಾ ದಿನದ ಯೋಚನೆಯೋ? ಯೋಚನೆಯಾದರೆ ಯಂತ್ರಕ್ಕೆ ಇಳಿದಿರುವುದಿಲ್ಲ. ಎಲುಬಿಗೆ ಹತ್ತಿದ ಸ್ವಭಾವವಾದರೆ ಇಳಿದಿರುತ್ತದೆ. ಅದನ್ನು ಹೇಳಬಲ್ಲವಳು ಒಬ್ಬಳೇ.

ಸಂಜೆ ನೀಲವ್ವ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ದಾನೇಶ್ವರಿ ಎದುರಿಗೆ ಕೂತು ತಾನೂ ಕೈ ಹಚ್ಚಿದಳು.

"ಯವ್ವಾ, ಚೆನ್ನ್ಯಾ ಗರಡಿಮನಿಗೆ ಹೋಗ್ತಿದ್ನಲ್ಲ. ಎದುರಿನವಗ ನೋವಾದ್ರ ಏನ್ ಮಾಡ್ತಿದ್ದ?"

ನೀಲವ್ವ ಕಾಯಿ ಸುಲಿಯುವುದನ್ನು ಬಿಡಲಿಲ್ಲ. "ಅದ್ಯಾಕ ಬೇಕಾತು ನಿನಗ?"

"ಬೇಕಾಗೇತಿ."

"ಹೇಳಿದ್ರ ಅವನ್ನ ಕೆಡವ್ತೀರಿ. ಹೌದಿಲ್ಲೋ?"

"ಹೌದವ್ವ."

ಹೊರಗೆ ಓಣಿಯಲ್ಲಿ ಮಕ್ಕಳು ಕೂಗಾಡುತ್ತಿದ್ದರು. ನೀಲವ್ವ ಅತ್ತ ಕಡೆ ಕಿವಿಗೊಟ್ಟ ಹಾಗಿತ್ತು.

"ಒಂದ ಸಲ ನವಲಗುಂದದಾಗ ಕುಸ್ತಿ ಇತ್ತು" ಎಂದು ಕೊನೆಗೆ ಶುರು ಮಾಡಿದಳು. "ನಿಮ್ಮ ಮಾಮಾ ಕರಕೊಂಡು ಹೋಗಿದ್ದ. ಚೆನ್ನ್ಯಾ ಆ ಹುಡುಗನ್ನ ಪಟ್ಟಿನ್ಯಾಗ ಹಿಡದಿದ್ದ. ಇನ್ನ ಬೆನ್ನು ಮಣ್ಣಿಗೆ ಹಚ್ಚೂದಷ್ಟ ಉಳಿದಿತ್ತು. ಆ ಹುಡುಗ ಹಾ ಅಂತ ಒದರಿದ. ಇವನ ಕೈ ಬಿಟ್ಟಬಿಟ್ವು. ಅಷ್ಟರಾಗ ಆ ಹುಡುಗ ಹೊಳ್ಳಿ ಇವನ್ನ ಕೆಡವಿದ. ನಿಮ್ಮ ಮಾಮಾ ದಾರಿ ತುಂಬ ಬೈಕೋತ ಬಂದ. ಬೇಕಂತ ಬಿಡಲಿಲ್ಲ ಮಾಮಾ, ಕೈ ತಾವ ಬಿಟ್ವು ಅಂತ ಇಂವ ಅಳಾಕ ನಿಂತ."

"ನೀ ಏನಂದಿ?"

"ನಾ ಏನನ್ಲಿ? ಅವತ್ತು ಹೋಳಿಗಿ ಮಾಡಿ ಹಾಕಿದೆ. ಗೆದ್ದ ಬಂದಾಗ ಸೈತ ಮಾಡಿದ್ದಿಲ್ಲ." ನೀಲವ್ವನ ಕೈಗಳು ಈಗ ನಿಂತಿದ್ದವು. "ಸಾಕಾತಿಲ್ಲೋ?"

"ಸಾಕವ್ವ."

"ಹಂಗಾರ ಹೋಗು. ಇನ್ನೊಬ್ಬಾಕಿ ತಾಯಿ ಟಿವಿ ಮುಂದ ಕುಂದ್ರೂದು ಬ್ಯಾಡ."

ಮರುದಿನ ದಾನೇಶ್ವರಿ ಮುಲ್ಲಾ ಅವರ ಮುಂದೆ ಹೋಗಿ ನಿಂತು ಕಂಡುಕೊಂಡದ್ದನ್ನು ಹೇಳಿದಳು. ನಮ್ಮ ವಿಮಾನ ಏಟು ಬಿದ್ದಂತೆ ಓಲಾಡಬೇಕು, ಸ್ವಲ್ಪ ಹೊಗೆ ಬಿಡಬೇಕು, ಎತ್ತರ ಕಳೆದುಕೊಳ್ಳಬೇಕು. ಆ ಕೈ ಸಡಿಲಾಗುತ್ತದೆ. ಆಗ ಹೊಡೆಯಬೇಕು. ಮುಲ್ಲಾ ಅವರು ಎದ್ದು ಕಿಟಕಿಯ ಕಡೆ ತಿರುಗಿ ನಿಂತರು.

ಆ ವಾರವೇ ಪ್ರಯೋಗ ನಡೆಯಿತು. ನಿಯಂತ್ರಣ ಕೋಣೆಯಲ್ಲಿ ದೊಡ್ಡ ಪರದೆ ಹಾಕಿದ್ದರು. ಅಧಿಕಾರಿಗಳು ಸಾಲಾಗಿ ನಿಂತಿದ್ದರು. ಸಮುದ್ರದ ಮೇಲೆ ನಮ್ಮ ವಿಮಾನ ಹೊಗೆ ಕಾರುತ್ತ ಕುಂಟಿಕೊಂಡು ಹೊರಟಿತು. ಮೋಡದೊಳಗಿಂದ ಚೆನ್ನವೀರನ ಕೈ ಹೊತ್ತ ವಿಮಾನ ಬಂತು. ಎಡಕ್ಕೆ ವಾಲಿ ಬಲಕ್ಕೆ ಉರುಳಿ ಬೆನ್ನ ಹಿಂದೆಯೇ ಬಂದು ನಿಂತಿತು. ಹೊಡೆಯಬೇಕಾದ ಕ್ಷಣ ಬಂತು. ಹೊಡೆಯಲಿಲ್ಲ. ವೇಗ ತಗ್ಗಿಸಿತು. ಸ್ವಲ್ಪ ಮೇಲೆದ್ದು ಕುಂಟುವ ವಿಮಾನದ ಮಗ್ಗುಲಿಗೆ ಬಂತು. ಬಿದ್ದವನನ್ನು ಏಳಪ್ಪಾ ಎಂದು ಬಗ್ಗಿ ನೋಡಿದ ಹಾಗೆ ಒಂದು ರೆಕ್ಕೆಯನ್ನು ಬಾಗಿಸಿತು.

"ಹೊಡಿ" ಎಂದರು ಯಾರೋ.

ಅದು ಸಮುದ್ರಕ್ಕೆ ಬಿದ್ದು ಚಪ್ಪಾಳೆ ಎದ್ದಾಗ ದಾನೇಶ್ವರಿ ಹೊರಗೆ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡಳು. ಒಳಗೆ ಬಂದಾಗ ಇನ್ನೊಂದು ಬರುತ್ತಿತ್ತು. ಅದೂ ಹಾಗೇ ರೆಕ್ಕೆ ಬಾಗಿಸಿತು, ಬಿತ್ತು. ಆ ವಾರವೆಲ್ಲ ಅವು ಒಂದಾದ ಮೇಲೊಂದು ಸಡಿಲಾಗಿ, ಮಗ್ಗುಲಿಗೆ ಬಂದು ಬಿದ್ದವು. ಎರಡು ಹಡಗುಗಳು ಪಾರಾಗಿ ಬಂದವು. ದಿಲ್ಲಿಯಿಂದ ಬಂದ ಮಂತ್ರಿಗಳು ದಾನೇಶ್ವರಿಯ ಕೈ ಕುಲುಕಿದರು.

ಆದರೆ ಅಲ್ಲಿಗೇ ಮುಗಿಯಲಿಲ್ಲ. ಕುಂಟುವುದು ಮೋಸ ಎಂದು ಮೆರಾವಾದವರಿಗೆ ತಿಳಿಯಲು ಹೆಚ್ಚು ದಿನ ಹಿಡಿಯಲಿಲ್ಲ. ಚೆನ್ನವೀರನ ಕೈಯನ್ನು ತೆಗೆದು ಉತ್ತರದ ಕೂಟದವರ ಕೈಗಳನ್ನು ತುಂಬಿದರು. ಕುಂಟುವುದನ್ನು ಮೊದಲು ಹೊಡೆಯಿರಿ ಎಂಬ ಆಜ್ಞೆ ಆ ಕಡೆ ಹೊರಟಿತು. ಅವರೂ ಅದೇ ಮೋಸ ಮಾಡಿಯಾರು ಎಂದು ಈ ಕಡೆಯೂ ಹೊರಟಿತು. ಒಂದು ಮಧ್ಯಾಹ್ನ ಗಾಯಾಳುಗಳನ್ನು ತುಂಬಿಕೊಂಡು ಬರುತ್ತಿದ್ದ ನಮ್ಮ ವಿಮಾನವೊಂದರ ಎಂಜಿನ್ ನಿಜವಾಗಿಯೇ ಕೆಟ್ಟಿತು. ಅದು ನಿಜವಾಗಿಯೇ ಕುಂಟಿತು. ಮೆರಾವಾದವರು ಅದನ್ನು ಹೊಡೆದು ಕೆಡವಿದರು. ಅದರಲ್ಲಿದ್ದ ಯಾರೂ ಉಳಿಯಲಿಲ್ಲ.

ಆ ಸುದ್ದಿ ಬಂದ ದಿನ ಮುಲ್ಲಾ ಅವರು, "ಇದು ನಿನ್ನ ತಪ್ಪಲ್ಲವಾ" ಎಂದರು. ದಾನೇಶ್ವರಿ ತಲೆಯಾಡಿಸಿದಳು. ಚೆನ್ನ್ಯಾ ಇದ್ದಿದ್ದರೆ ಆ ವಿಮಾನದ ಮಗ್ಗುಲಿಗೆ ಬಂದು ದಡದವರೆಗೂ ಜೊತೆಗೆ ಬರುತ್ತಿದ್ದ ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ.

ಯುದ್ಧ ಮಳೆಗಾಲದ ಹೊತ್ತಿಗೆ ನಿಂತಿತು. ಕರ್ನಲ್‌ಗಳಲ್ಲೇ ಜಗಳ ಬಿದ್ದು ಒಬ್ಬ ಓಡಿಹೋದ, ಇನ್ನೊಬ್ಬ ಜೈಲಿಗೆ ಹೋದ. ಪಾರ್ಲಿಮೆಂಟಿನ ಬೀಗ ತೆರೆಯಿತು. ಮತ್ತೊಂದು ವರ್ಷದೊಳಗೆ ಹಳೆಯ ಒಪ್ಪಂದವನ್ನೇ ಹೊಸ ಹೆಸರಿನಲ್ಲಿ ಮಾಡಿಕೊಂಡು ಎರಡೂ ದೇಶದವರು ಮತ್ತೆ ಕೈಕೈ ಹಿಡಿದು ಫೋಟೊ ತೆಗೆಸಿಕೊಂಡರು.

ಮೆರಾವಾದ ನಿಯೋಗದ ಜೊತೆ ಸೆಲೂ ಬಂದ. ಕೂದಲು ಅರ್ಧ ಬೆಳ್ಳಗಾಗಿತ್ತು. ಮುಲ್ಲಾ ಅವರ ಜೊತೆ ಮನೆಗೆ ಬಂದವನು ಹೊಸ್ತಿಲ ಹೊರಗೇ ನಿಂತ.

"ಅವ್ವಾರ, ಒಳಗ ಬರ್ಲೇನ್ರಿ?"

ನೀಲವ್ವ ಅವನನ್ನು ನೋಡುತ್ತ ನಿಂತಳು. ಆಮೇಲೆ, "ಕೈಕಾಲು ತೊಳ್ಕೊಂಡ ಬಾ" ಎಂದು ಒಳಗೆ ಹೋಗಿ ಒಲೆ ಹಚ್ಚಿದಳು. ಸೆಲೂ ಹಿಂದಿನ ಹಾಗೇ ನೆಲದ ಮೇಲೆ ಕೂತ. ತುತ್ತು ಬಾಯಿಗೆ ಹೋಗಲಿಲ್ಲ. ಕರ್ನಲ್‌ಗಳ ಕಾಲದಲ್ಲಿ ತನ್ನನ್ನು ಹಾರಾಟದಿಂದ ತೆಗೆದು ಉಗ್ರಾಣ ಕಾಯಲು ಹಾಕಿದ್ದರು ಎಂದ. ಬಂದರಿನ ರಸ್ತೆಗೆ ಚೆನ್ನವೀರನ ಹೆಸರನ್ನು ಅಳಿಸಿದ್ದರಂತೆ, ಈಗ ಮತ್ತೆ ಬರೆಸಿದ್ದಾರಂತೆ. ಉಳಿದದ್ದನ್ನು ಮುಲ್ಲಾ ಅವರೇ ಹೇಳಬೇಕಾಯಿತು.

"ಅವ್ವಾರ, ಹೊಸ ಒಪ್ಪಂದ ಆಗೇದ. ಮತ್ತ ಅವರಿಗೆ ಕಾವಲು ವಿಮಾನ ಕೊಡೂದದ. ನಿಮ್ಮ ಮಗನ ಕೈನ ಬೇಕಂತಾರ."

ನೀಲವ್ವ ರೊಟ್ಟಿಯನ್ನು ಸೆಲೂನ ತಾಟಿಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, ಮುಲ್ಲಾ ಅವರ ಎದುರಿಗೆ ಬಂದು ಕೂತಳು.

"ಸರ್, ನಾ ನನ್ನ ಮಗಗ ಇನ್ನೂ ಮಣ್ಣು ಕೊಟ್ಟಿಲ್ಲ. ದೇಹ ಸಿಗದಿದ್ರೂ ಅಂಗಿ ಅರಿವಿ ಇಟ್ಟು ಮಾಡೂ ಪದ್ಧತಿ ಐತಿ, ಮಾಡಾಕ ನಾನ ಬಿಡಲಿಲ್ಲ. ಅವನ ಕೈ ಎಲ್ಲ್ಯೋ ದುಡೀಲಿಕತ್ತೈತಿ, ಅರ್ಧ ಜೀವ ಇದ್ದಾಂವಗ ಹೆಂಗ ಮಣ್ಣು ಕೊಡ್ಲಿ ಅಂತಿದ್ದೆ. ಒಮ್ಮೆ ಈ ಸೆಲೂನ ಮಂದೀನ ಉಳಸಾಕ ಹೋಗಿ ಸತ್ತ. ಆಮ್ಯಾಲ ಇವರ ಸಲುವಾಗಿ ನಮ್ಮ ಹುಡುಗರನ್ನ ಕೊಂದ. ಆಮ್ಯಾಲ ನಾನ ಹೇಳಿಕೊಟ್ಟು ಅವನ್ನ ಕೊಲ್ಲಿಸಿದೆ. ಎಷ್ಟ ಸಲ ಸಾಯಬೇಕ್ರಿ ಅಂವ? ಸಾಕ್ರಿ. ಅವನ್ನ ಸಾಯಾಕ ಬಿಡ್ರಿ."

ಸೆಲೂ ತಾಟಿನ ಮೇಲೆ ತಲೆ ಬಗ್ಗಿಸಿ ಸದ್ದಿಲ್ಲದೆ ಅಳುತ್ತಿದ್ದ. ನೀಲವ್ವ ಅವನ ತಲೆಯ ಮೇಲೆ ಕೈಯಿಟ್ಟಳು.

ಮರುದಿನ ದಾನೇಶ್ವರಿ ಕೇಂದ್ರಕ್ಕೆ ಹೋದದ್ದು ತಮ್ಮನ ಕೈಯನ್ನು ಅಳಿಸಿಬಿಡಿ ಎಂದು ಕೇಳಲಿಕ್ಕೆ. ಮುಲ್ಲಾ ಅವರು ಅವಳನ್ನು ಕೂರಿಸಿ ಬಾಗಿಲು ಮುಂದೆ ಮಾಡಿದರು.

"ಅಳಿಸ್ತೇನಿ. ಇವತ್ತ ಅಳಿಸ್ತೇನಿ. ಆದ್ರ ನಿನಗ ಸುಳ್ಳು ಹೇಳಲಾರೆ. ಅವನ ಕೈಯಿಂದ ಆ ಸಡಿಲಾಗೂದನ್ನ ತಗದು ಬ್ಯಾರೇ ಒಂದು ಕೈ ಮಾಡ್ಯಾರ. ಮ್ಯಾಲಿನವರ ಆಜ್ಞೆ. ಅಷ್ಟು ತಿದ್ದಿದ ಮ್ಯಾಲ ಅದು ಕಾಯ್ದೆ ಪ್ರಕಾರ ನಿಮ್ಮ ತಮ್ಮನ ಕೈ ಅಲ್ಲ. ಮನೀಯವರ ಒಪ್ಪಿಗಿ ಬೇಕಾಗಿಲ್ಲ. ನಿಮ್ಮವ್ವನ್ನ ಕೇಳಿದ್ದು ನನ್ನ ಸಮಾಧಾನಕ್ಕ."

"ಎಲ್ಲಿ ಸಡಿಲಾಗ್ತದ ಅಂತ ತೋರಿಸಿಕೊಟ್ಟಾಕಿ ನಾನ ಅಲ್ಲೇನ್ರಿ ಸರ್" ಎಂದಳು ದಾನೇಶ್ವರಿ.

ಮುಲ್ಲಾ ಅವರು ಅವಳ ಎದುರಿಗೇ ಚೆನ್ನವೀರನ ಕೈಯನ್ನು ಅಳಿಸಿದರು. ಹೊಸ ಕೈಗೆ ಹೆಸರಿರಲಿಲ್ಲ, ಒಂದು ಸಂಖ್ಯೆ ಇತ್ತು. ಅದು ಆಗಲೇ ಬಂದರಿಗೆ ಹೋಗಿ ಮೆರಾವಾಕ್ಕೆ ಹೋಗುವ ಹಡಗು ಹತ್ತಿತ್ತು. ಅದು ಎಡಕ್ಕೆ ವಾಲುತ್ತದೆ, ಬಲಕ್ಕೆ ಉರುಳುತ್ತದೆ, ಬೆನ್ನು ಬಿದ್ದರೆ ಬಿಡುವುದಿಲ್ಲ. ಕುಂಟುವವನನ್ನು ಕಂಡರೆ ಇನ್ನಷ್ಟು ಬಿಗಿಯುತ್ತದೆ. ದಾನೇಶ್ವರಿ ಅಲ್ಲೇ ಕೂತು ಕೆಲಸಕ್ಕೆ ರಾಜೀನಾಮೆ ಬರೆದುಕೊಟ್ಟಳು. ಅದರಿಂದ ಏನೂ ಆಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮನೆಯಲ್ಲಿ ನೀಲವ್ವ ಬಾಗಿಲಲ್ಲೇ ಕಾದಿದ್ದಳು.

"ಅಳಿಸಿದ್ರೇನ?"

"ಅಳಿಸಿದ್ರವ್ವ. ನನ್ನ ಕಣ್ಣ ಮುಂದ."

"ಇನ್ನ ಎಲ್ಲ್ಯೂ ಇಲ್ಲಲ? ಯಾವ ದೇಶದಾಗೂ?"

ದಾನೇಶ್ವರಿ ತಾಯಿಯ ಮುಖ ನೋಡಿದಳು.

"ಇಲ್ಲವ್ವ. ಚೆನ್ನ್ಯಾನ ಕೈ ಎಲ್ಲ್ಯೂ ಇಲ್ಲ."

ಸೋಮವಾರ ಮಠದ ಅಯ್ಯನವರನ್ನು ಕರೆಸಿದರು. ಚೆನ್ನವೀರನದೊಂದು ಅಂಗಿ, ಧೋತರ, ಅವನು ಓದುವಾಗ ಹೊದೆಯುತ್ತಿದ್ದ ಕಂಬಳಿಯನ್ನು ವಿಭೂತಿ ಹಚ್ಚಿ ಬಿಲ್ವಪತ್ರಿ ಏರಿಸಿ ಕುಣಿಯಲ್ಲಿಟ್ಟರು. ಓಣಿಯವರು ಬಂದಿದ್ದರು, ಮುಲ್ಲಾ ಅವರೂ ಒಂದು ಕಡೆ ನಿಂತಿದ್ದರು. ಸೆಲೂ ಊರಿಗೆ ಹೋಗುವುದನ್ನು ಎರಡು ದಿನ ಮುಂದಕ್ಕೆ ಹಾಕಿ ಉಳಿದಿದ್ದ. ತಾಯಿ ಮೊದಲ ಹಿಡಿ ಮಣ್ಣು ಹಾಕಿದಳು, ಅಕ್ಕ ಆಮೇಲೆ, ಆಮೇಲೆ ಸೆಲೂ. ನೀಲವ್ವ ಅಳಲಿಲ್ಲ. ಮಗ ದೂರದ ಊರಿನಿಂದ ಕೊನೆಗೂ ಮನೆ ಮುಟ್ಟಿದ ಎಂಬಂತೆ ನಿಂತು ನೋಡಿದಳು.

ಮನೆಗೆ ಬಂದು ತಲೆಗೆ ಸ್ನಾನ ಮಾಡಿದ ಮೇಲೆ ನೀಲವ್ವ, "ಹಸಿವಾಗೇತಿ" ಎಂದಳು. ಇಷ್ಟು ವರ್ಷದಲ್ಲಿ ಅವಳ ಬಾಯಲ್ಲಿ ಆ ಮಾತು ಬಂದದ್ದೇ ಇಲ್ಲ. ಎದುರಿಗಿಟ್ಟಾಗ ಉಣ್ಣುತ್ತಿದ್ದಳು, ಅಷ್ಟೇ. ದಾನೇಶ್ವರಿ ಬಡಿಸಿದಳು. ನೀಲವ್ವ ಅನ್ನ ಸಾರು ಕಲಸಿ ಉಂಡಳು, ಮತ್ತೆ ಹಾಕಿಸಿಕೊಂಡಳು, ಮಜ್ಜಿಗೆಗೂ ಅನ್ನ ಕೇಳಿದಳು.

"ನೀನೂ ಕುಂದ್ರವಾ. ಮುಂಜಾನಿಂದ ಏನೂ ತಿಂದಿಲ್ಲ."

"ನೀ ಉಣ್ಣವ್ವ. ನಾ ಆಮ್ಯಾಲ ಉಣ್ತೇನಿ" ಎಂದಳು ದಾನೇಶ್ವರಿ, ಸೌಟು ಹಿಡಿದುಕೊಂಡು ತಾಯಿಯ ತಾಟನ್ನೇ ನೋಡುತ್ತ.